ಮಣ್ಣಿನ ಗುಡ್ಡೆಗೆ ಕಣದ ಮುದ್ರೆ

ಯುದ್ಧದ ಕಾಲ. ಸಾಸ್ವೆಹಳ್ಳಿಯ ನಮ್ಮ ಅಡುಗೆಮನೆಯ ಹಿಂದಿನ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಮಳೆಗೆ ಮೊದಲು ಕೆಡವಿ ಕಟ್ಟದಿದ್ದರೆ ಮಾಡೂ ಕುಸಿದು ಕೂರುತ್ತದೆ ಅಂತ ಗಾರೆಯವನು ಹೇಳಿದ. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಮನೆಯಲ್ಲಿ ನಾನು, ನನ್ನನ್ನು ಸಾಕಿದ ದೊಡ್ಡಮ್ಮ, ಒಂದು ಹಸು, ಇಷ್ಟೇ.

ಗೋಡೆ ಒಂದೇ ದಿನಕ್ಕೆ ಬಿತ್ತು. ಹಿತ್ತಿಲಲ್ಲಿ ಆಳೆತ್ತರದ ಮಣ್ಣಿನ ಗುಡ್ಡೆ. ಗಾರೆಯವನು ಒಂದು ಹೆಂಟೆ ಒಡೆದು, ಚಿಟಿಕೆ ನಾಲಿಗೆಗೆ ಇಟ್ಟು ಉಗಿದ. "ಉಪ್ಪಿನ ಮಡಕೆ ಇಟ್ಟಿದ್ದ ಗೋಡೆ ಕಣ್ರಿ ಇದು. ಮತ್ತೆ ಕಟ್ಟಾಕೆ ಬರಾಕಿಲ್ಲ, ಮೆತ್ತಿದ್ದೆಲ್ಲ ಉದುರ್ತೈತೆ. ಹೊಸ ಮಣ್ಣು ತರ್ಸಿ."

ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು. ನೆಂಟರಲ್ಲ, ಆದರೂ ನನಗೆ ಮಾವ. "ಅಕ್ಕಾರೆ, ಈ ಹಳೇ ಮಣ್ಣು ಗೊಬ್ಬರಕ್ಕೆ ಅಂತ ನಮ್ಮ ಹೊಲಕ್ಕೆ ಒಯ್ತೀನಿ. ಒಂದು ಗಾಡಿ ಒಯ್ದರೆ ಒಂದು ಗಾಡಿ ಕೆಮ್ಮಣ್ಣು ತಂದು ಹಾಕ್ತೀನಿ. ಎತ್ತು ನಂದೇ, ಗಾಡಿ ನಂದೇ."

ದೊಡ್ಡಮ್ಮ ಹೂಂ ಅಂದಳು. ಅವರು ಹೋದಮೇಲೆ ನನ್ನ ರಟ್ಟೆ ಹಿಡಿದಳು.

"ಹಾಳು ಮಣ್ಣಿಗೆ ಒಳ್ಳೇ ಮಣ್ಣು ಕೊಡೋ ಮನುಷ್ಯ ಎಲ್ಲಾರ ಹುಟ್ಟಿದಾನೇನೋ? ನಮ್ಮತ್ತೆ ಸಾಯೋವಾಗ ಆ ಗೋಡೇನೇ ನೋಡ್ತಿದ್ಲು, ಅದರೊಳಗೆ ಏನಾರ ಬಚ್ಚಿಟ್ಟಿದ್ಲೋ ಏನೋ, ನಿಂಗೊತ್ತಿಲ್ಲ."

"ಗೋಡೆ ಕಡೆ ಮುಖ ಮಾಡಿ ಮಲಗಿಸಿದ್ರಿ, ಇನ್ನೇನ್ ನೋಡ್ಬೇಕಿತ್ತು?"

"ಹಂಗೆ ಮಲಗಿಸು ಅಂದೋಳೂ ಅವಳೇ!"

ಮರುದಿನದಿಂದ ಜೋಳದ ಜರಡಿ ಹಿತ್ತಿಲಿಗೆ ಬಂತು. ಜರಡಿ ಹಿಡಿಯದೆ ಒಂದು ಬುಟ್ಟಿ ಮಣ್ಣೂ ಗಾಡಿ ಹತ್ತುವ ಹಾಗಿಲ್ಲ. ಸಂಜೆಗೆ ಇನ್ನೂ ಒಂದು ಹೊಸ ಶಾಸ್ತ್ರ. ಕಣದಲ್ಲಿ ರಾಶಿಯನ್ನು ಯಾರೂ ಮುಟ್ಟದಿರಲಿ ಅಂತ ಒತ್ತುತ್ತಾರಲ್ಲ, ಆ ಮರದ ಮುದ್ರೆಯನ್ನು ಅಟ್ಟದಿಂದ ಇಳಿಸಿದಳು. ಗುಡ್ಡೆಗೆ ನೀರು ಚಿಮುಕಿಸಿ, ಗುದ್ದಲಿಯ ಬೆನ್ನಿನಿಂದ ತಟ್ಟಿ, ಮುದ್ರೆಯನ್ನು ಬೂದಿಯಲ್ಲಿ ಅದ್ದಿ ನಾಲ್ಕೂ ಕಡೆ ಒತ್ತಿದಳು. ಗಾರೆಯವನು ತಲೆಗೆ ಟವೆಲ್ ಸುತ್ತಿಕೊಳ್ಳುತ್ತಾ, "ಈ ಸಲ ಸುಗ್ಗಿ ಜೋರೈತೆ ಬಿಡ್ರಿ," ಅಂದ.

ಬೆಳಗ್ಗೆ ನೋಡಿದರೆ ಮೂರು ಮುದ್ರೆ ನೆಟ್ಟಗಿವೆ, ನಾಲ್ಕನೆಯದು ಇಲ್ಲ. ಅದೂ ಮಾವನ ಬೇಲಿಯ ಕಡೆಯದು.

ಸಂಜೆ ಮತ್ತೆ ಒತ್ತಿದರೂ ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಅಲ್ಲಿ ಬುಟ್ಟಿಯಷ್ಟು ಗುಳಿ ಬಿದ್ದಿತ್ತು. ದೊಡ್ಡಮ್ಮ ಬಗ್ಗಿ ಬಗ್ಗಿ ಮನುಷ್ಯರ ಹೆಜ್ಜೆ ಹುಡುಕಿದಳು. ಅಷ್ಟು ಹೊತ್ತಿಗೆ ನನಗೂ ತಲೆ ಕೆಟ್ಟಿತ್ತು. ಮಾವ ಕೆಮ್ಮಿದರೂ ಅದರಲ್ಲಿ ಏನೋ ಇದೆ ಅನ್ನಿಸುತ್ತಿತ್ತು. ಅವರ ಗಾಡಿಯ ಹಲಗೆಯ ಕೆಳಗೂ ಒಮ್ಮೆ ಕದ್ದು ನೋಡಿದೆ.

ಆವತ್ತು ಗಾಡಿ ಬರುತ್ತಲೇ ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನಪ್ಪಾ, ಹಗಲು ಒಯ್ಯೋದು ಸಾಲ್ದೇನು?"

ಮಾವ ಗುಳಿ ನೋಡಿದರು, ಮುದ್ರೆ ನೋಡಿದರು, ಜರಡಿ ನೋಡಿದರು. "ಕಳ್ಳ ಅಂತ ಬಾಯಿಬಿಟ್ಟು ಅಂದ್ಬಿಡ್ರಿ ಅಕ್ಕಾರೆ. ನಿಮ್ಮ ಮಣ್ಣು ನಿಮಗೇ ಇರ್ಲಿ." ಖಾಲಿ ಗಾಡಿ ತಿರುಗಿತು.

ಕೆಮ್ಮಣ್ಣು ನಿಂತಿತು. ಗೋಡೆ ಮೊಳಕಾಲೆತ್ತರಕ್ಕೆ ನಿಂತಿತು. ಪಡುವಣದಲ್ಲಿ ದಿನಾ ಮೋಡ ಕಟ್ಟುತ್ತಿತ್ತು. ಬೇರೆ ಗಾಡಿ ಸಿಗುವ ಕಾಲವಲ್ಲ ಅದು; ಊರೆಲ್ಲ ಗೊಬ್ಬರ ಹೊಡೆಯುತ್ತಿತ್ತು. "ಇನ್ನೆರಡು ದಿನ ನೋಡ್ತೀನಿ, ಆಮೇಲೆ ನ್ಯಾಮತಿ ಕಡೆ ಕೆಲಸಕ್ಕೆ ಹೋಗ್ತೀನಿ," ಅಂದ ಗಾರೆಯವನು.

ಮಾರನೆಯ ಬೆಳಗ್ಗೆ ಮುಖ ತೊಳೆಯಲು ಹಿತ್ತಿಲಿಗೆ ಹೋದೆ. ದೊಡ್ಡಮ್ಮ ಹಾಲು ಕರೆದು, ಹಸುವನ್ನು ಬಾನಿಯ ನೀರಿಗೆ ಬಿಚ್ಚಿ ಬಿಟ್ಟು, ಆಗಷ್ಟೇ ಒಳಗೆ ಹೋಗಿದ್ದಳು. ಹಸು ಬಾನಿಯ ಕಡೆ ತಿರುಗಿಯೂ ನೋಡದೆ ನೇರ ಗುಡ್ಡೆಗೆ ನಡೆಯಿತು. ಕಣ್ಣು ಮುಚ್ಚಿಕೊಂಡು ಆ ಉಪ್ಪು ಮಣ್ಣನ್ನು ನೆಕ್ಕಿತು, ನೆಕ್ಕಿತು. ಮುದ್ರೆ ಮಾಯ. ನಾನು ಕೂಗಿದ್ದಕ್ಕೆ ತಲೆ ಎತ್ತಿತು. ಮೂತಿಯ ತುಂಬ ಬೂದಿ. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದ ಹಿರಿಯರ ಹಾಗೆ!

ಹಿತ್ತಿಲಲ್ಲಿ ಗೊರಸಿನ ಗುರುತು ಎಂದೂ ಇರುವಂಥದ್ದು. ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಳ್ಳನ ಹಗ್ಗವನ್ನು ದಿನಾ ಬಿಚ್ಚುತ್ತಿದ್ದವಳು ದೊಡ್ಡಮ್ಮನೇ.

ಅವಳು ಬಾಗಿಲಿಗೆ ಬಂದು ನೋಡಿದಳು. "ಇದು ಇವತ್ತು ನೆಕ್ಕಿರಬೌದು. ಮೊನ್ನೆ?" ಅಂದಳು. ಅಂದರೂ ಮುದ್ರೆಯನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಮಾವನ ಜಗುಲಿಯ ಮೇಲೆ ಇಟ್ಟು ಬಂದಳು. ತಪ್ಪಾಯಿತು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. "ಇನ್ನು ನೀವೇ ಒತ್ತಿ," ಅಂದಳಂತೆ.

ಮಧ್ಯಾಹ್ನಕ್ಕೆ ಗಾಡಿ ಬಂತು, ತುಂಬ ಕೆಮ್ಮಣ್ಣು. ಇಳಿಸುವಾಗ ಮಾವ ಹಸುವಿಗೆ ಕೈ ಮುಗಿದು, "ನೀನು ಸಾಕ್ಷಿ ಹೇಳಿದ್ದಕ್ಕೆ ಉಳ್ಕಂಡೆ ತಾಯಿ," ಅಂದರು. ದೊಡ್ಡಮ್ಮ ಕೇಳಿಸದವಳಂತೆ ಮಜ್ಜಿಗೆ ತಂದಿಟ್ಟಳು.

ಹಳೇ ಮಣ್ಣನ್ನು ಜರಡಿ ಇಲ್ಲದೆಯೇ ತುಂಬಿದೆವು. ಕೊನೆಯ ಬುಟ್ಟಿಯನ್ನು ನಾನು ಗಾಡಿಗೆ ಸುರಿಯುವಾಗ ಏನೋ ಟಣ್ ಅಂದಿತು. ನಾನು ಬಗ್ಗಿದೆ. ಮಾವ ನನಗಿಂತ ಮೊದಲೇ ಬಗ್ಗಿದ್ದರು. ಅವರ ಕೈಗೆ ಸಿಕ್ಕಿದ್ದು ಹಂಚಿನ ಚೂರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಗೋಡೆ ಎದ್ದ ಮೂರನೆಯ ದಿನಕ್ಕೆ ಮಳೆ ಬಂತು. ಒಳಗೆ ಬೆಚ್ಚಗೆ ಕೂತು ದೊಡ್ಡಮ್ಮ ಕೇಳಿದಳು: "ಆ ಚೂರನ್ನ ಅವ್ನು ಯಾಕೋ ಸೊಂಟಕ್ಕೆ ಸಿಗಿಸ್ಕಂಡ?"