ತಂಗಿಯ ಮಗಳಿಗೆ ಮಾವ ಕೊಟ್ಟ ಅಂಕ

ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕನಾಗಿ ನಿವೃತ್ತನಾದ ಮರುವರ್ಷ, ಜೂನಿಯರ್ ಫ್ಲೋರ್ ಕರ್ಲಿಂಗ್ ತಂಡದ ಆಯ್ಕೆಗೆ ನನ್ನನ್ನು ವೀಕ್ಷಕನಾಗಿ ಕರೆದರು. ಕರ್ಲಿಂಗ್ ಎಂದರೆ ಮಂಜುಗಡ್ಡೆಯ ಮೇಲೆ ಭಾರದ ಕಲ್ಲನ್ನು ಜಾರಿಸಿ ದೂರದ ವೃತ್ತದೊಳಗೆ ನಿಲ್ಲಿಸುವ ಆಟ. ಮಂಗಳೂರಿನಲ್ಲಿ ಮಂಜುಗಡ್ಡೆ ಕಾಣಬೇಕಾದರೆ ಮೀನಿನ ಪೆಟ್ಟಿಗೆ ತೆರೆಯಬೇಕು. ಹಾಗಾಗಿ ನಮ್ಮವರು ಬೈಕಂಪಾಡಿಯ ಖಾಲಿ ಗೋದಾಮಿನ ನುಣುಪು ನೆಲದ ಮೇಲೆ, ಅಡಿಯಲ್ಲಿ ಪುಟ್ಟ ಚಕ್ರಗಳಿರುವ ಕಲ್ಲುಗಳನ್ನು ತಳ್ಳಿ ಆಡುತ್ತಿದ್ದರು.

ಅಲ್ಲಿನ ಅಂಕಿಅಂಶವೆಲ್ಲ ಜೆಪ್ಪುವಿನ ನಾಗೇಶ ಶೆಟ್ಟರದು. ಹೋಟೆಲನ್ನು ತಮ್ಮನಿಗೆ ಬಿಟ್ಟು ಭಾನುವಾರಗಳನ್ನೆಲ್ಲ ಈ ಆಟಕ್ಕೆ ಕೊಟ್ಟ ಸ್ವಯಂಸೇವಕ. ವೃತ್ತದ ಬಳಿ ನಿಂತ ತಂಡದ ನಾಯಕಿ ಕೇಳಿದಂತೆಯೇ ಕಲ್ಲು ಹೋಯಿತೇ ಎಂದು ನೋಡಿ, ಪ್ರತಿ ಎಸೆತಕ್ಕೆ ನಾಲ್ಕರಲ್ಲಿ ಇಷ್ಟು ಎಂದು ಅಂಕ ಹಾಕುತ್ತಿದ್ದರು. ಆ ಸರಾಸರಿಯ ಮೇಲೆಯೇ ಆಯ್ಕೆ. ಬಿಟ್ಟಿ ದುಡಿಯುವವರನ್ನು ನಾನು ಎಂದೂ ಸುಲಭವಾಗಿ ನಂಬಿದವನಲ್ಲ. ಇಲ್ಲಂತೂ ಕೊನೆಯ ಒಂದು ಸ್ಥಾನಕ್ಕೆ ಉಳಿದಿದ್ದವರು ಇಬ್ಬರು: ವಾಮಂಜೂರಿನ ದೀಕ್ಷಾ ಮತ್ತು ಶೆಟ್ಟರ ತಂಗಿಯ ಮಗಳು ಸ್ವಾತಿ. ಸ್ವಾತಿಗೆ ಜೂನಿಯರ್ ವಿಭಾಗದಲ್ಲಿ ಅದೇ ಕೊನೆಯ ವರ್ಷ. ಹಿಂದಿನ ಎರಡು ಬಾರಿಯೂ ಕೂದಲೆಳೆಯ ಅಂತರದಲ್ಲಿ ಅವಕಾಶ ತಪ್ಪಿತ್ತು.

ಶೆಟ್ಟರಂಥ ಬಂಟರ ಮನೆಗಳಲ್ಲಿ ಮಾವನಿಗೆ ತಂಗಿಯ ಮಕ್ಕಳೆಂದರೆ ಸ್ವಂತ ಮಕ್ಕಳಿಗಿಂತ ಒಂದು ಕೈ ಹೆಚ್ಚು. ಆಯ್ಕೆಯ ದಿನ ದೀಕ್ಷಾಳ ತಂದೆ ಬೆಳಿಗ್ಗೆಯೇ ನನ್ನನ್ನು ಬದಿಗೆ ಕರೆದರು.

“ಮಾವನೇ ಮಾರ್ಕು ಹಾಕುವುದಾದ್ರೆ ಈ ಟ್ರಯಲ್ಸ್ ಎಂತಕ್ಕೆ ಸರ್?”

ಬೆಳಗಿನ ಪಂದ್ಯದಲ್ಲಿ ನಾನು ಕಲ್ಲುಗಳನ್ನು ಬಿಟ್ಟು ಶೆಟ್ಟರ ಮುಖವನ್ನೇ ನೋಡುತ್ತಾ ಕೂತೆ. ಉಳಿದವರಿಗೆಲ್ಲ ಥಟ್ಟನೆ ಅಂಕ ಬೀಳುತ್ತಿತ್ತು. ಸ್ವಾತಿಯ ಕಲ್ಲು ನಿಂತಾಗ ಮಾತ್ರ ಪೆನ್ನು ತಡವರಿಸುತ್ತಿತ್ತು. ಕಳ್ಳ ಸಿಕ್ಕಿದ ಎಂದು ಒಳಗೊಳಗೇ ಹಿಗ್ಗಿದೆ.

ಊಟದ ಹೊತ್ತಿಗೆ ಒಂದು ಹಳೆಯ ಬ್ಯಾನರ್ ತರಿಸಿದೆ. “ಶೆಟ್ರೇ, ಮಧ್ಯಾಹ್ನ ಇದನ್ನು ನಿಮ್ಮ ಕುರ್ಚಿಯ ಪಕ್ಕ ಕಟ್ತೇವೆ. ನಿಮಗೆ ವೃತ್ತ ಕಾಣ್ತದೆ, ಎಸೆಯುವವರು ಕಾಣುವುದಿಲ್ಲ.”

“ನನ್ನ ಮೇಲೆ ಸಂಶಯ ಉಂಟಾ ಸರ್?”

“ಉಂಟು.”

ಅವರ ಮುಖ ಕಪ್ಪಿಟ್ಟಿತು. “ಕಟ್ಟಿ ಮಾರಾಯ್ರೆ,” ಎಂದು ಎದ್ದು ಹೋದರು.

ಎಸೆತದ ಸರದಿಯನ್ನೂ ನಾನೇ ಗುಟ್ಟಾಗಿ ಬದಲಿಸಿದೆ. ಪಂದ್ಯ ಮುಗಿದು ಹೆಸರು ಹೊಂದಿಸಿದಾಗ ದೀಕ್ಷಾಳ ಅಂಕ ಬೆಳಗಿನಷ್ಟೇ ಇತ್ತು. ಸ್ವಾತಿಯದು ಏರಿತ್ತು! ಯಾರೋ ಕೆಮ್ಮಿ ಸನ್ನೆ ಮಾಡಿರಬೇಕು ಎಂದು ನನ್ನ ತಲೆ ಓಡಿತು. ತಂಡದ ಕೋಚ್ ಬೆಳಗಿನ ಪಂದ್ಯದ ವಿಡಿಯೋ ತೆಗೆದಿದ್ದರು. ಅದರಲ್ಲಿ ವೃತ್ತವಷ್ಟೇ ಕಾಣುತ್ತಿತ್ತು. ಯಾರ ಕಲ್ಲು ಎಂದು ಹೇಳದೆ ಒಂದೊಂದನ್ನೇ ಎಲ್ಲರಿಗೂ ತೋರಿಸಿದೆ. ಶೆಟ್ಟರು ಎರಡು ಕೊಟ್ಟಿದ್ದ ಒಂದು ಎಸೆತಕ್ಕೆ ದೀಕ್ಷಾಳ ತಂದೆಯೇ, “ಇದಕ್ಕೆ ಮೂರಾದ್ರೂ ಬೇಕು ಸರ್,” ಎಂದರು. ಅದು ಸ್ವಾತಿಯದು. ಮುಂದೆಯೂ ಹಾಗೆಯೇ ಆಯಿತು; ಕಡಿಮೆ ಬಿದ್ದದ್ದೆಲ್ಲ ಅವಳ ಕಲ್ಲುಗಳಿಗೇ.

ಹುಡುಗಿ ಮಾವನ ಎದುರು ಬಂದು ನಿಂತಳು. “ಹಿಂದಿನ ಎರಡು ವರ್ಷವೂ ಹೀಗೆಯಾ ಮಾವ?”

“ಜನ ಎಂತ ಹೇಳ್ತಾರೋ ಅಂತ ಹೆದರಿಕೆ ಇತ್ತು ಮಗಾ.”

“ಅವರಿಗೆ ಹೆದರಿ ನನ್ನದನ್ನು ಕಿತ್ಕೊಂಡ್ರಾ?”

ಸ್ವಾತಿ ತಂಡಕ್ಕೆ ಆಯ್ಕೆಯಾದಳು. ಆದರೆ ಅಂದು ಅವಳು ಮಾವನ ಕಾರು ಹತ್ತದೆ ಬಸ್ಸಿಗೆ ನಡೆದಳು. ನನಗೆ ನಿಜವಾಗಿಯೂ ಸಂಕಟವಾಯಿತು.

ಸೇವೆಯುದ್ದಕ್ಕೂ ನಾನು ಪಕ್ಷಪಾತವನ್ನು ಹುಡುಕಿದ್ದು ಲಾಭ ಪಡೆದವರ ಕಡೆ ಮಾತ್ರ. ಈಗ ತೀರ್ಪುಗಾರರ ಮನೆಯ ಮಗು ಆಟಕ್ಕೆ ಇಳಿದರೆ, ಅದಕ್ಕೆ ಅನ್ಯಾಯವಾಗುತ್ತಿದೆಯೇ ಎಂದು ಮೊದಲು ನೋಡುತ್ತೇನೆ.