ಉಪ್ಪು ಸರಿಯಿದ್ದರೆ ಹಸಿರು

ಸಾರಿಗೆ ಉಪ್ಪು ಸರಿಯಾಗಿ ಬಿದ್ದ ದಿನ ಊಟಕ್ಕೆ ಕೂತವರು ಯಾರೂ ಉಪ್ಪಿನ ಮಾತೆತ್ತುವುದಿಲ್ಲ ಎಂಬುದನ್ನು ನೀವೂ ಗಮನಿಸಿರಬಹುದು. ಒಂದು ಚಿಟಿಕೆ ಕಡಿಮೆಯಾಗಲಿ, ಇಲ್ಲವೆ ಹೆಚ್ಚಾಗಲಿ, ಆಗ ನೋಡಿ: ಅದುವರೆಗೆ ತಲೆ ತಗ್ಗಿಸಿ ಉಣ್ಣುತ್ತಿದ್ದವರೆಲ್ಲ ರುಚಿಯ ವಿಷಯದಲ್ಲಿ ಪಂಡಿತರಾಗಿಬಿಡುತ್ತಾರೆ. ಹದಿನೇಳು ವರ್ಷದ ಸಂಸಾರದಲ್ಲಿ "ಇವತ್ತು ಉಪ್ಪು ಸರಿಯಾಗಿದೆ" ಎಂಬ ವಾಕ್ಯವನ್ನು ನಾನು ಒಮ್ಮೆಯಾದರೂ ಆಡಿದ ನೆನಪಿಲ್ಲ. ನನ್ನ ಹೆಂಡತಿ ವಸುಧಾ ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. "ನೀವು ಮಾತಾಡದೆ ಉಂಡ್ರೆ ಪಾಸು, ಬಾಯಿ ಬಿಟ್ರೆ ಫೇಲು" ಎಂದು ಅವಳೇ ಒಂದು ನಿಯಮ ಮಾಡಿಕೊಂಡಿದ್ದಳು. ತಪ್ಪು ಹುಡುಕುವುದೇ ಅವಳ ಉದ್ಯೋಗವಾಗಿದ್ದುದರಿಂದ, ತಪ್ಪಿಲ್ಲದ ಕಡೆ ಇರುವ ಮೌನ ಅವಳಿಗೆ ಚೆನ್ನಾಗಿ ಪರಿಚಿತವಾಗಿತ್ತು.

ನಾವಿಬ್ಬರೂ ವಡೋದರಾದ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆವು. ಬಟ್ಟೆಗೆ ಬಣ್ಣ ಹಾಕುವ ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರ್ ತಯಾರಿಸುವುದು ನಮ್ಮ ಕಂಪನಿಯ ಕಸುಬು. ನೀರು ಎಷ್ಟು ಬಿಸಿಯಾಗಬೇಕು, ಬಣ್ಣ ಯಾವಾಗ ಬೀಳಬೇಕು, ಉಪ್ಪು ಎಷ್ಟು ಹೋಗಬೇಕು, ಎಲ್ಲವನ್ನೂ ಅದು ನೋಡಿಕೊಳ್ಳುತ್ತದೆ. ಹೌದು, ಹತ್ತಿಯ ಬಟ್ಟೆ ಬಣ್ಣ ಹಿಡಿಯಬೇಕಾದರೆ ಅದಕ್ಕೂ ಉಪ್ಪು ಬೇಕು. ಈ ಸಂಗತಿ ತಿಳಿದ ದಿನ ವಸುಧಾಗೆ ಆದ ಸಂತೋಷ ನನಗಿನ್ನೂ ನೆನಪಿದೆ. ರಾಣೆಬೆನ್ನೂರಿನ ಕಡೆಯಿಂದ ಡಿಪ್ಲೊಮಾ ಹಿಡಿದುಕೊಂಡು ಬಂದ ನಾನು ಪ್ರೋಗ್ರಾಂ ಬರೆಯುತ್ತಿದ್ದೆ, ಅವಳು ಅದನ್ನು ಪರೀಕ್ಷಿಸುತ್ತಿದ್ದಳು. ಅಂದರೆ ನನ್ನ ತಪ್ಪುಗಳನ್ನು ಹಿಡಿಯಲು ಆಫೀಸಿನವರು ಅವಳಿಗೆ ಸಂಬಳ ಕೊಡುತ್ತಿದ್ದರು. ಅದೇ ಕೆಲಸವನ್ನು ಮನೆಯಲ್ಲಿ ಅವಳು ಉಚಿತವಾಗಿ ಮಾಡುತ್ತಿದ್ದಳು.

ಅವಳು ಹುಟ್ಟಿ ಬೆಳೆದದ್ದು ಸೂರತ್ತಿನ ಪಕ್ಕದ ಊರಾದ ಸಚಿನ್‌ನಲ್ಲಿ, ಕಾರ್ಖಾನೆಗಳ ನಡುವೆ. ಉಡುಪಿ ಕಡೆಯಿಂದ ಬಂದ ಅವಳ ಅಪ್ಪ ಅಲ್ಲಿ ಇಡ್ಲಿ ದೋಸೆಯ ಹೋಟೆಲು ಇಟ್ಟಿದ್ದಾರೆ. ಆ ಹೋಟೆಲಿನ ಅಡುಗೆಮನೆ ಅವಳನ್ನು ಆಫೀಸಿನಲ್ಲೂ ಬಿಡಲಿಲ್ಲ. ಪರೀಕ್ಷೆಗಳೆಂದರೆ ಚಿಕ್ಕ ಚಿಕ್ಕ ಪ್ರೋಗ್ರಾಂಗಳೇ. ಒಂದೊಂದಕ್ಕೂ ಒಂದು ಹೆಸರಿಡಬೇಕು. ಬೇರೆಯವರು ಅಂಕಿ ಸಂಖ್ಯೆ ಹಾಕಿ ಮುಗಿಸುವಲ್ಲಿ ಇವಳು 'ಹಾಲು ಉಕ್ಕಿತು', 'ತಳ ಹಿಡೀತು', 'ಉಪ್ಪು ಜಾಸ್ತಿ' ಎಂದು ಹೆಸರಿಟ್ಟಳು. ಬಿಸಿ ಮಿತಿಮೀರಿದರೆ ಯಂತ್ರ ತಾನಾಗಿ ನಿಲ್ಲುತ್ತದೆಯೋ ಇಲ್ಲವೋ ಎಂದು ನೋಡುವುದು ಹಾಲು ಉಕ್ಕುವ ಪರೀಕ್ಷೆ. ಹೀಗಾಗಿ ಒಂದು ಅಕ್ಷರ ಕನ್ನಡ ಬಾರದ ಗುಜರಾತಿ ಹುಡುಗರೆಲ್ಲ ಬೆಳಗಾದರೆ "ತಳ ಹಿಡೀತು ಪಾಸ್ ಛೆ?" ಎಂದು, ಅಂದರೆ ಪಾಸಾಗಿದೆಯೇ ಎಂದು, ಒಬ್ಬರನ್ನೊಬ್ಬರು ಕೇಳುತ್ತ ಓಡಾಡುತ್ತಿದ್ದರು. ನಮ್ಮ ತಂಡದ ಮುಖ್ಯಸ್ಥ ಜಿಗ್ನೇಶ್‌ಭಾಯಿ ಮಾತ್ರ 'ಹಿಡೀತು' ಎನ್ನಲಾಗದೆ ಇಂದಿಗೂ ಕಷ್ಟಪಡುತ್ತಾರೆ.

ಪರೀಕ್ಷೆಗಳೆಲ್ಲ ಓಡಿದ ಮೇಲೆ ಫಲಿತಾಂಶ ಒಂದು ಉದ್ದನೆಯ ಕಡತವಾಗಿ ಬರುತ್ತದೆ. ಸಾವಿರಾರು ಸಾಲು, ಎಲ್ಲ ಒಂದೇ ಬಣ್ಣ, ಒಂದೇ ಗಾತ್ರ. ಸರಿಯಿರುವುದೆಲ್ಲ ತಾನು ಸರಿ ಎಂದು ಸಾಲುಗಟ್ಟಲೆ ಹೇಳಿಕೊಳ್ಳುತ್ತದೆ, ಕೆಟ್ಟದ್ದು ನಡುವೆಲ್ಲೋ ಒಂದು ಸಾಲಿನಲ್ಲಿ ಅಡಗಿ ಕೂತಿರುತ್ತದೆ. ವಸುಧಾ ಇದನ್ನು ಚಹಾ ಕುಡಿಯುತ್ತ ಪತ್ರಿಕೆಯಂತೆ ಓದಿ ಮುಗಿಸಿ, "ಎಲ್ಲ ಸರಿ ಉಂಟು, ಒಂದು ಕಡೆ ಹಾಲು ಉಕ್ಕಿದೆ, ನಿಮ್ದೇ" ಎನ್ನುತ್ತಿದ್ದಳು. ಯಾವ ಪರೀಕ್ಷೆ ಯಾಕಿದೆ ಎಂದು ಬರೆದಿಟ್ಟ ದಸ್ತಾವೇಜು ನಮ್ಮಲ್ಲಿರಲಿಲ್ಲ. ಕೇಳಿದರೆ ಹೇಳಲು ಅವಳಿದ್ದಳಲ್ಲ.

ಹೋದ ವರ್ಷ, ಮಳೆಗಾಲಕ್ಕೆ ಮೊದಲು, ಅವಳು ತೀರಿಕೊಂಡಳು. ಕಾಯಿಲೆಯ ವಿವರ ಇಲ್ಲಿ ಬೇಡ. ಎಂಟು ತಿಂಗಳು ಹಿಡಿಯಿತು. ಕರ್ಮಾಂತರ ಮುಗಿಸಿ ಕೆಲಸಕ್ಕೆ ಮರಳಿದ ದಿನ ಆ ಕಡತ ನನ್ನ ಮೇಜಿಗೆ ಬಂತು. ತೆರೆದೆ, ಓದಲಾಗಲಿಲ್ಲ. ಕಣ್ಣು ತುಂಬಿ ಬಂದು ಓದಲಾಗಲಿಲ್ಲ ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ. ನಿಜವೆಂದರೆ, ನನಗೆ ಅದನ್ನು ಓದಲು ಬರುತ್ತಿರಲಿಲ್ಲ. ಹದಿನೇಳು ವರ್ಷ ಇನ್ನೊಬ್ಬರು ಓದಿ ಹೇಳಿದ್ದನ್ನು ಕೇಳಿಕೊಂಡವನಿಗೆ ಓದು ಎಲ್ಲಿಂದ ಬರಬೇಕು? ಓದಲು ಬಾರದವನು ಏನು ಮಾಡಬಹುದೋ ಅದನ್ನು ಮಾಡಿದೆ. ನನ್ನ ಬದಲು ಓದಿ ತೋರಿಸುವ ಒಂದು ಅಪ್ಲಿಕೇಶನ್ ಕಟ್ಟಲು ಕೂತೆ.

ಕಟ್ಟುವುದು ನನಗೆ ಗೊತ್ತು. ಈ ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಬ್ರೌಸರಿನಲ್ಲಿ ತೆರೆಯುವ ಪುಟ ಸಾಕಲ್ಲವೇ ಎಂದು ಹುಡುಗರು ಕೇಳಿದರು. ಸಾಲದು ಎಂದೆ. ಕಾರ್ಖಾನೆಯ ಮೂಲೆಯಲ್ಲಿ ಧೂಳು ಕುಡಿಯುತ್ತ ಕೂತಿರುವ ಕಂಪ್ಯೂಟರಿಗೆ ಇಂಟರ್ನೆಟ್ಟಿನ ಭಾಗ್ಯವಿರುವುದಿಲ್ಲ. ಅಲ್ಲಿ ಪರದೆಯ ಮೇಲೊಂದು ಚಿತ್ರ ಇರಬೇಕು, ಎರಡು ಸಲ ಒತ್ತಿದರೆ ಕಿಟಕಿ ತೆರೆಯಬೇಕು. ಎಡಗಡೆ ಪರೀಕ್ಷೆಗಳ ಹೆಸರು, ಬಲಗಡೆ ಅದರ ವಿವರ, ಹೆಸರಿನ ಪಕ್ಕ ಹಸಿರು ಇಲ್ಲವೆ ಕೆಂಪು ಚುಕ್ಕೆ. ಮೊದಲ ಪ್ರಯತ್ನ ಇಡೀ ಕಡತವನ್ನು ಒಂದೇ ತುತ್ತಿಗೆ ನುಂಗಲು ಹೋಗಿ ಉಸಿರುಗಟ್ಟಿ ನಿಂತಿತು. ಕಣ್ಣಿಗೆ ಕಾಣುವಷ್ಟನ್ನು ಮಾತ್ರ ಬಡಿಸಿಕೊಂಡು, ಜರುಗಿಸಿದಂತೆ ಮುಂದಿನದನ್ನು ತರುವ ಬುದ್ಧಿ ಎರಡನೆಯದಕ್ಕೆ ಬಂತು. ಮೂರನೆಯದನ್ನು ಅಹಮದಾಬಾದಿಗೆ ಒಯ್ದು, ವಟ್ವಾದ ಒಂದು ಕಾರ್ಖಾನೆಯಲ್ಲಿ ಬಣ್ಣ ಹೊಂದಿಸುವ ಹಿರಿಯರೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಫಲಿತಾಂಶ ನೋಡಲೇ ಇಲ್ಲ. ಕತ್ತು ಓರೆ ಮಾಡಿ, "ನಿಮ್ಮ ಹಸಿರಿನಲ್ಲಿ ಹಳದಿ ಜಾಸ್ತಿ, ಸ್ವಲ್ಪ ನೀಲಿಗೆ ತಿರುಗಿಸಿ" ಎಂದರು. ತಿರುಗಿಸಿದೆ. ಅವರು ಹೇಳಿದ್ದು ಸರಿಯಾಗಿತ್ತು.

ಅಪ್ಲಿಕೇಶನ್ ಎಲ್ಲರಿಗೂ ಮೆಚ್ಚಿಗೆಯಾಯಿತು. ಆದರೆ ಅದರಲ್ಲಿ ನಾನು ಒಂದು ಜಾಣತನ ಮಾಡಿದ್ದೆ. ಕೆಲವು ಪರೀಕ್ಷೆಗಳು ಒಂದು ದಿನ ಕೆಂಪು, ಮರುದಿನ ಹಸಿರು. ಅವನ್ನು ನಮ್ಮವರು ಚಂಚಲ ಎಂದು ಕರೆದು ಸುಮ್ಮನಾಗಿದ್ದರು. ಅಂಥವಕ್ಕೆ ನಾನು ಬೂದು ಬಣ್ಣ ಕೊಟ್ಟು, ಕೆಳಗೊಂದು ಮಡಿಕೆ ಮಾಡಿ, ಅದರೊಳಗೆ ಹಾಕಿ ಮುಚ್ಚಿದೆ. ಒತ್ತಿ ತೆರೆದರೆ ಮಾತ್ರ ಕಾಣುತ್ತಿದ್ದವು. ಮೇಲೆ ಇಡೀ ಪರದೆ ತಿಳಿಯಾದ ಹಸಿರು, ಅದೂ ವಟ್ವಾದ ಹಿರಿಯರು ಒಪ್ಪಿದ ಹಸಿರು. ಮನೆಯಲ್ಲೂ ಆ ದಿನಗಳಲ್ಲಿ ನಾನು ಕೆಲವು ಬೀರುಗಳನ್ನು ಹೀಗೆಯೇ ಮುಚ್ಚಿಟ್ಟಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಈ ಚೈತ್ರದಲ್ಲಿ ಹೊಸ ಆವೃತ್ತಿ ಸಚಿನ್‌ನ ಒಂದು ಬಟ್ಟೆ ಕಾರ್ಖಾನೆಗೆ ಹೋಗಬೇಕಿತ್ತು. ಯಂತ್ರವನ್ನು ನಡುವೆ ತಡೆದು ನಿಲ್ಲಿಸಿ, ಆಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುವ ಒಂದು ಗುಂಡಿ ಅದರ ವಿಶೇಷ. ಅದನ್ನು ನಾನು ಬರೆಯಲು ತೊಡಗಿದ್ದು ವಸುಧಾ ಇದ್ದಾಗಲೇ. ಶುಕ್ರವಾರ ಜಿಗ್ನೇಶ್‌ಭಾಯಿ ನನ್ನ ಮೇಜಿನ ಪಕ್ಕ ಬಂದು ಕೂತು, ಆ ಮಡಿಕೆಯನ್ನು ಒತ್ತಿ ತೆರೆದರು. ಹೊಸ ಗುಂಡಿಗೆ ಸಂಬಂಧಿಸಿದ ಒಂದೇ ಒಂದು ಪರೀಕ್ಷೆ ಅಲ್ಲಿತ್ತು: 'ಅಪ್ಪ ಬಂದ್ರು'.

"ಈ ಅಪ್ಪ ಯಾರು ಭಾಯಿ?" ಎಂದು ಅವರ ಹಿಂದಿ ಗುಜರಾತಿ ಕಲಸಿದ ಮಾತಿನಲ್ಲಿ ಕೇಳಿದರು. "ಒಂದಿನ ಬರ್ತಾರೆ, ಒಂದಿನ ಹೋಗ್ತಾರೆ. ತೆಗೆದುಬಿಡೋಣ್ವಾ? ವಸುಧಾಬೆನ್ ಬರೆದಿದ್ದು, ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ. ಸೋಮವಾರ ಹೇಳಿ ಸಾಕು."

ಆಫೀಸಿಗೆ ಬರಲಾಗದೆ ಮನೆಯಲ್ಲಿ ಮಲಗಿದ್ದ ದಿನಗಳಲ್ಲಿ ಅವಳು ಎರಡು ಸಲ "ಆ ಅಪ್ಪ ಬಂದದ್ದೊಂದು ನೋಡಿ ಮಾರಾಯ್ರೆ" ಎಂದಿದ್ದಳು. ಎರಡು ಸಲವೂ ನಾನು "ನೋಡ್ತೀನಿ" ಎಂದಿದ್ದೆ. ಅಳಿಸಿದರೆ ಆ ಮಾತು ಹಾಗೇ ಉಳಿಯುತ್ತದೆ. ಉಳಿಸಿಕೊಂಡರೆ, ಹೆಂಡತಿಯ ನೆನಪಿಗೆಂದು ಕೆಟ್ಟ ಪರೀಕ್ಷೆಯೊಂದನ್ನು ಕಾಪಾಡಿಕೊಂಡವನಾಗುತ್ತೇನೆ. ಅದನ್ನು ವಸುಧಾಳೇ ಸಹಿಸುತ್ತಿರಲಿಲ್ಲ. ಪರೀಕ್ಷೆಯನ್ನು ಬಿಡಿಸಿ ಓದಿದೆ. ಯಾವುದೋ ಒಂದು ಕ್ಷಣದಲ್ಲಿ ಗುಂಡಿ ಒತ್ತಿ ಯಂತ್ರವನ್ನು ತಡೆಯುತ್ತದೆ, ಬಿಡುತ್ತದೆ, ಕೊನೆಗೆ ಒಟ್ಟು ಉಪ್ಪು ಎಷ್ಟಾಯಿತೆಂದು ನೋಡುತ್ತದೆ. ಕ್ಷಣ ಯಾವುದೆಂಬುದು ಪ್ರತಿ ಸಲವೂ ಬೇರೆ. ಹತ್ತಾರು ಸಲ ಓಡಿಸಿದೆ. ಹಸಿರು, ಹಸಿರು, ಒಮ್ಮೆ ಕೆಂಪು, ಮತ್ತೆ ಹಸಿರು.

ಶನಿವಾರ ಮಗಳು ಮಿಥಿಲಾಳನ್ನು ಕರೆದುಕೊಂಡು ರೈಲು ಹತ್ತಿ ಮಾವನ ಮನೆಗೆ ಹೋದೆ. ಮಾವ ಎಂದಿನಂತೆ ಹೋಟೆಲಿನ ಗಲ್ಲಾದಲ್ಲಿದ್ದರು. ಪಾಳಿ ಮುಗಿಸಿ ಬಂದ ಕಾರ್ಮಿಕರು ತಿಂಡಿ ತಿಂದು ಹೋದ ಮೇಲೆ, ವಸುಧಾ ಚಿಕ್ಕವಳಿದ್ದಾಗ 'ಅಪ್ಪ ಬಂದ್ರು' ಎಂದು ಏನಾದರೂ ಹೇಳುತ್ತಿದ್ದಳೇ ಎಂದು ಕೇಳಿದೆ. ಅವರು ನಕ್ಕರು. ಒಂದು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅವಳಿಗೆ ಅದೇ ಕೆಲ್ಸ ಅಲ್ವಾ! ಅಡುಗೆಮನೆ ಬಾಗಿಲಲ್ಲಿ ಹೋಮ್‌ವರ್ಕ್ ಇಟ್ಕೊಂಡು ಕೂತ್ಕೊಳ್ಳುದು, ನಾನು ಗಲ್ಲಾದಿಂದ ಎದ್ದ ಕೂಡ್ಲೇ 'ಅಪ್ಪ ಬಂದ್ರೂ' ಅಂತ ಕೂಗುದು. ಅಡುಗೆ ಭಟ್ರ ಕೈ ಅಲ್ಲಿಗೇ ನಿಲ್ತಿತ್ತು."

"ಯಾವಾಗ ಬೇಕಾದರೆ ಆಗ ಒಳಗೆ ಹೋಗುತ್ತಿದ್ದಿರಾ?"

"ಸುಮ್ನೆ ಹೋಗ್ಲಿಕ್ಕೆ ನಂಗೆ ಮರುಳಾ? ಸಾಂಬಾರಿಗೆ ಉಪ್ಪು ಬಿದ್ದು, ಕಲಕುವ ಹೊತ್ತಿಗೆ ಹೋಗುದು. ರುಚಿ ನೋಡ್ಬೇಕಲ್ಲ. ನಾನು ಒಂದು ಚಮಚ ನೋಡಿ ಈಚೆ ಬಂದೆ ಅಂದ್ರೆ, ಭಟ್ರಿಗೆ ಹೆದರಿಕೆಯಲ್ಲಿ ಹಾಕಿದ್ದೇ ಮರ್ತು ಹೋಗುದು. ಇನ್ನೊಂದು ಮುಷ್ಟಿ ಹಾಕುದು. ಆ ದಿನ ಗಿರಾಕಿಗಳು ನೀರು ಕುಡಿದದ್ದೇ ಕುಡಿದದ್ದು!"

ಅಲ್ಲೇ ಹೋಟೆಲಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ಯಾವುದೋ ಒಂದು ಕ್ಷಣ ಎಂದಿದ್ದ ಕಡೆ, ಉಪ್ಪು ಬಿದ್ದ ಮೇಲೆ ಕಲಕುವ ಕ್ಷಣ ಎಂದು ತಿದ್ದಿ ಓಡಿಸಿದೆ. ಕೆಂಪು. ಮತ್ತೆ ಓಡಿಸಿದೆ, ಕೆಂಪು. ಐದು ಸಲ ಓಡಿಸಿದರೂ ಕೆಂಪೇ. ಪರೀಕ್ಷೆ ಚಂಚಲವಾಗಿರಲಿಲ್ಲ, ಅಪ್ಪ ಬರುವ ಹೊತ್ತು ನಮಗೆ ಗೊತ್ತಿರಲಿಲ್ಲ, ಅಷ್ಟೆ. ಉಪ್ಪು ಹಾಕಿಯಾಯಿತು ಎಂಬ ಗುರುತನ್ನು ನನ್ನ ಪ್ರೋಗ್ರಾಂ ಕಲಕಿ ಮುಗಿಸಿದ ಮೇಲೆ ಬರೆದುಕೊಳ್ಳುತ್ತಿತ್ತು. ಕಲಕುತ್ತಿರುವಾಗ ಯಾರಾದರೂ ತಡೆದರೆ, ಬಿಟ್ಟ ಮೇಲೆ ಅದು ಗುರುತು ಕಾಣದೆ, ಭಟ್ಟರಂತೆಯೇ ಇನ್ನೊಮ್ಮೆ ಉಪ್ಪು ಸುರಿಯುತ್ತಿತ್ತು. ಹೊಸ ಆವೃತ್ತಿ ಹಾಗೆಯೇ ಕಾರ್ಖಾನೆಗೆ ಹೋಗಿದ್ದರೆ, ಈ ಹೋಟೆಲಿನಿಂದ ಕೂಗಳತೆಯ ದೂರದಲ್ಲಿ, ಬಟ್ಟೆಯ ಮೇಲೆ ಬಣ್ಣ ಕಲೆ ಕಲೆಯಾಗಿ ಕೂರುತ್ತಿತ್ತು.

ಮಾವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಕೆಂಪು ಅಂದ್ರೆ ಎಂತ?"

"ನನ್ನ ತಪ್ಪು."

"ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನೋಡಿ ಅಂದಿದ್ದಳು."

ಮಾವ ಒಳಗೆ ಹೋಗಿ, ನನಗೊಂದು ಲೋಟ ಕಾಫಿ ತಾವೇ ತಂದಿಟ್ಟರು. ಗುರುತು ಬರೆಯುವ ಸಾಲನ್ನು ನಾನು ಕಲಕುವ ಸಾಲಿಗಿಂತ ಮೇಲೆ ತಂದೆ. ಒಂದೇ ಸಾಲಿನ ಕೆಲಸ. ಕಾಫಿ ಆರುವ ಮೊದಲೇ ಹಸಿರು ಬಂತು.

ಸೋಮವಾರ ಜಿಗ್ನೇಶ್‌ಭಾಯಿಗೆ ಎಲ್ಲವನ್ನೂ ಹೇಳಿದೆ. ಅವರು ಎರಡೂ ಕೈ ಕಿವಿಗೆ ಮುಟ್ಟಿಸಿಕೊಂಡು, "ಅಪ್ಪ ಇರಲಿ ಭಾಯಿ, ಅಪ್ಪ ಇರಲಿ" ಎಂದರು. ಆ ವಾರವೇ ಅಪ್ಲಿಕೇಶನ್ನಿನಿಂದ ಬೂದು ಬಣ್ಣವನ್ನು ತೆಗೆದುಹಾಕಿದೆ. ಈಗ ಆಗೊಮ್ಮೆ ಈಗೊಮ್ಮೆ ಕೆಡುವ ಪರೀಕ್ಷೆಗಳು ಎಲ್ಲಕ್ಕಿಂತ ಮೇಲೆ, ತೆರೆದ ಕೂಡಲೇ ಕಣ್ಣಿಗೆ ಬೀಳುವಂತೆ ಇರುತ್ತವೆ. ಪ್ರತಿ ಹೆಸರಿನ ಮುಂದೆ ಅದರ ಕಥೆ ಬರೆಯಲು ಜಾಗ ಮಾಡಿದ್ದೇನೆ. ಭಾನುವಾರ ಮಾವನಿಗೆ ಫೋನು ಮಾಡಿ, ಕೇಳಿ, ತುಂಬುತ್ತೇನೆ. 'ಮೂರನೇ ಮೇಜಿನವರು' ಎಂಬುದೊಂದು ಮಾತ್ರ ಅವರಿಗೂ ಗೊತ್ತಿಲ್ಲ. ಅದು ದಿನವೂ ಹಸಿರಾಗಿಯೇ ಇದೆ. ಅದರ ಮುಂದಿನ ಜಾಗ ಖಾಲಿಯಿದೆ. ಮನೆಯ ಬೀರುಗಳನ್ನೂ ಒಂದೊಂದಾಗಿ ತೆರೆದೆ. ಸೀರೆಗಳನ್ನು ಯಾರ್ಯಾರಿಗೆ ಕೊಡಬೇಕೆಂದು ಮಿಥಿಲಾ ಹೇಳಿದಳು.

ಅಡುಗೆ ಈಗ ನನ್ನದು. ಚೆನ್ನಾಗಿಯೇ ಮಾಡುತ್ತೇನೆ, ಆದರೆ ಉಪ್ಪು ಹಾಕುವಾಗ ಫೋನು ಬಂದರೆ ಹಾಕಿದೆನೋ ಇಲ್ಲವೋ ಎಂದು ಇಂದಿಗೂ ಅನುಮಾನವಾಗುತ್ತದೆ. ಮೊನ್ನೆಯೂ ಹಾಗೇ ಆಯಿತು. ಸಾರು ಬಡಿಸಿ, ಮಗಳ ಮುಖ ನೋಡುತ್ತ ಕೂತೆ. ಅವಳು ಕಲಸಿ ಎರಡು ತುತ್ತು ಉಂಡಳು, ತಲೆಯೆತ್ತಿದಳು, ಕನ್ನಡ ಅರ್ಧಕ್ಕೇ ಮುಗಿದದ್ದರಿಂದ ಮಿಕ್ಕದ್ದನ್ನು ಗುಜರಾತಿಯಲ್ಲಿ ಹೇಳಿದಳು.

"ಪಪ್ಪಾ, ಉಪ್ಪು ಬರಾಬರ್ ಛೆ."

ನಾನು ಕೇಳಿರಲಿಲ್ಲ. ಉಪ್ಪು ಸರಿಯಾಗಿದೆ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿದವರಲ್ಲ. ನಾನು ತಟ್ಟೆ ಎಳೆದುಕೊಂಡು, ಒಂದು ಮಾತೂ ಆಡದೆ ಉಂಡೆ. ಹಾಗೆ ಉಂಡರೆ ಏನರ್ಥವೆಂದು ಅವಳಿಗೆ ಅವಳಮ್ಮ ಹೇಳಿಕೊಟ್ಟಿದ್ದಾಳೆ.