ಅಂಚಿನ ಗೆರೆ

ಆಗ ನಮ್ಮ ಭಾನುವಾರಗಳೆಲ್ಲ ಅಬಿಡ್ಸ್‌ನ ಫುಟ್‌ಪಾತಿನ ಮೇಲೆ ಕಳೆಯುತ್ತಿದ್ದವು. ಹಳೆ ಪುಸ್ತಕದ ರಾಶಿಗಳ ಪಕ್ಕದಲ್ಲಿ ನಾಣ್ಯ ಮಾರುವವರು ಬಟ್ಟೆ ಹಾಸಿ ಕೂರುತ್ತಿದ್ದರು. ರಾಯಚೂರಿನಿಂದ ಬಂದು ಹೈದರಾಬಾದಿನಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಪ್ರಾಚೀನ ರೋಮಿನ ಬೆಳ್ಳಿ ನಾಣ್ಯಗಳ ಹುಚ್ಚು. ಅದರಲ್ಲೂ ದಂಡನಾಯಕರು ಯುದ್ಧಕಾಲದಲ್ಲಿ ಸೈನಿಕರ ಸಂಬಳಕ್ಕೆಂದು ಹೊಡೆಸಿದವು. ಅಂಥವು ಎರಡಿದ್ದವು. ಒಂದು ಕಡೆ ಹಡಗು, ಇನ್ನೊಂದು ಕಡೆ ಹದ್ದು ಇರುವ ಮೂರನೆಯದನ್ನು ವರ್ಷಗಟ್ಟಲೆ ಹುಡುಕುತ್ತಿದ್ದರು.

ನನಗೆ ಹತ್ತು ತುಂಬುವಷ್ಟರಲ್ಲಿ ಸಕ್ಕರೆ ಕಾಯಿಲೆಯಿಂದ ಅಪ್ಪನ ಕಣ್ಣು ಮಸುಕಾಯಿತು. ನಾಣ್ಯ ನೋಡುವ ಅವರ ಭೂತಗನ್ನಡಿ ನನ್ನ ಕೈಗೆ ಬಂತು. ಇರಾನಿ ಹೋಟೆಲಿನ ಚಹಾದ ವಾಸನೆಯ ನಡುವೆ, ನನಗೆ ಉಸ್ಮಾನಿಯಾ ಬಿಸ್ಕತ್ತು ಕೊಡಿಸಿ ಪಾಠ ಹೇಳುತ್ತಿದ್ದರು.

"ಖರೇ ನಾಣ್ಯ ಸುತ್ತಿಗಿಲೆ ಹೊಡದಿದ್ದು. ಅಂಚಿನ ಸುತ್ತ ಸಣ್ಣ ಗೆರಿ ಕಂಡ್ರ ಅದು ಎರಕಾ ಹೊಯ್ದ ಖೋಟಾ. ಮೊದಲ ಅಂಚು ನೋಡು."

ಚಳಿಗಾಲದ ಒಂದು ಭಾನುವಾರ ವ್ಯಾಪಾರಿಯೊಬ್ಬ ಅಪ್ಪನ ಅಂಗೈಯಲ್ಲಿ ಒಂದು ನಾಣ್ಯ ಇಟ್ಟ. ಅಪ್ಪ ಹೆಬ್ಬೆರಳಿನಿಂದ ಅದನ್ನು ಸವರಿ ಸವರಿ ನೋಡಿ ನನಗೆ ಕೊಟ್ಟರು.

"ಹಡಗ ಐತೇನು ಮಗಳ?"

"ಐತಪ್ಪ."

"ಹದ್ದು?"

"ಅದೂ ಐತಿ."

"ಅಂಚು?"

ಅಂಚಿನಲ್ಲಿ ಕೂದಲೆಳೆಯಂಥ ಗೆರೆ ಸುತ್ತಲೂ ಓಡಿತ್ತು. ತಲೆ ಎತ್ತಿದೆ. ಕಣ್ಣು ಹೋದ ಮೇಲೆ ಅಪ್ಪ ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

"ಚೊಲೊ ಐತಿ" ಎಂದೆ.

ಆ ವಾರವೆಲ್ಲ ನಾಣ್ಯ ಅವರ ಜೇಬಿನಲ್ಲೇ ಇತ್ತು. ಅವ್ವ ಶ್ಯಾವಿಗೆ ಪಾಯಸ ಮಾಡಿದಳು. ಮುಂದಿನ ಭಾನುವಾರ ಕೋಠಿಯಲ್ಲಿ ನಾಣ್ಯ ಸಂಗ್ರಾಹಕರೆಲ್ಲ ಸೇರಿದಾಗ ಅಪ್ಪ ಅದನ್ನು ಹಿರಿಯರೊಬ್ಬರ ಕೈಗಿತ್ತರು. ಅವರು ತಿರುಗಿಸಿ ನೋಡಿ, ಇದು ಎರಕದ್ದು, ಗೆರೆ ಚಿಕ್ಕ ಮಗುವಿಗೂ ಕಾಣುತ್ತದಲ್ಲ ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದರು. ಅಪ್ಪ ತಲೆಯಾಡಿಸಿದರು.

ಮನೆಗೆ ಮರಳುವಾಗ ಬಸ್ಸಿನಲ್ಲಿ ಕೇಳಿದರು. "ನಿನಗ ಕಂಡಿತ್ತೇನು?"

"ಹ್ಞೂಂ."

"ಯಾಕ ಹೇಳಲಿಲ್ಲ?"

"ನೀ ಭಾಳ ನಗಾಕತ್ತಿದ್ದಿ."

ಅಪ್ಪ ಇಳಿಯುವವರೆಗೂ ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ಮುಂದಿನ ಭಾನುವಾರ ಎರಡು ಜಡೆ ಹಾಕಿಕೊಂಡು ಬಾಗಿಲಲ್ಲಿ ನಿಂತೆ. "ಬ್ಯಾಡ, ನೀ ಓದ್ಕೋ" ಎಂದರು. ಇದ್ದ ಎರಡು ನಾಣ್ಯಗಳನ್ನೂ ಗೆಳೆಯರೊಬ್ಬರಿಗೆ ಕೊಟ್ಟುಬಿಟ್ಟರು. ಮತ್ತೆ ಅಬಿಡ್ಸ್‌ಗೆ ಹೋಗಲಿಲ್ಲ.

ಆಮೇಲೆ ಹದಿನೈದು ವರ್ಷ ಬದುಕಿದರು. ಪತ್ರಿಕೆ ಅವ್ವ ಓದುತ್ತಿದ್ದಳು, ಔಷಧಿಯ ಚೀಟಿ ಪಕ್ಕದ ಮನೆಯವರು. ನನ್ನ ಮದುವೆ ಸೀರೆಯ ಬಣ್ಣ ಯಾವುದೆಂದು ನಾನು ಎದುರಿಗೇ ನಿಂತಿದ್ದರೂ ಅವ್ವನನ್ನೇ ಕೇಳಿದರು.

ಪ್ರೀತಿಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಒಂದು ಸಲ ಬೈದಿದ್ದರೆ ತಪ್ಪಾಯ್ತು ಅನ್ನಬಹುದಿತ್ತು. ಅಪ್ಪ ಕೊನೆಯವರೆಗೂ ಬೈಯಲಿಲ್ಲ.